ಮೈಕಿನ ಜಾಗದಲ್ಲಿ ಬೆಳಕು: ಸನ್ನೆ ಭಾಷೆಯ ನಾಟಕ ಊರೂರು ಸುತ್ತುವ ಬಗೆ

ಜಾತ್ರೆಯ ಕಂಪನಿ ನಾಟಕದ ನಡುವೆ ಕರೆಂಟು ಹೋದರೆ ಆಟ ನಿಲ್ಲಬೇಕೆಂದೇನಿಲ್ಲ. ಗಟ್ಟಿ ಗಂಟಲಿನ ನಟ ಮೈಕಿಲ್ಲದೆಯೇ ನಾಲ್ಕು ಮಾತು ಹೊಡೆಯುತ್ತಾನೆ, ಹಾರ್ಮೋನಿಯಂನವರು ಒಂದು ಪದ ಎತ್ತಿಕೊಳ್ಳುತ್ತಾರೆ, ಅಷ್ಟರಲ್ಲಿ ಯಾರೋ ಜನರೇಟರ್ ಚಾಲೂ ಮಾಡುತ್ತಾರೆ. ಸನ್ನೆ ಭಾಷೆಯ ನಾಟಕಕ್ಕೆ ಈ ಅನುಕೂಲ ಇಲ್ಲ. ಅಲ್ಲಿ ಬೆಳಕು ಹೋಯಿತೆಂದರೆ ಮಾತೇ ಹೋಯಿತು. ನಟ ಕತ್ತಲಲ್ಲಿ ಕೈಯಾಡಿಸುತ್ತಲೇ ಇರಬಹುದು, ನೋಡುವವರ ಪಾಲಿಗೆ ಅದು ಮೌನ.

ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. ಪರದೆ ಯಾವ ಬಣ್ಣದ್ದಿರಬೇಕು, ನಟಿ ಬಳೆ ತೊಡಬಹುದೇ, ಊರ ಗೌಡರ ಕುರ್ಚಿ ಎಲ್ಲಿ ಹಾಕಬೇಕು, ಡೊಳ್ಳು ಎಲ್ಲಿ ಇಡಬೇಕು, ಎಲ್ಲಕ್ಕೂ ಉತ್ತರ ಅಲ್ಲಿಯೇ ಇದೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಕ್ಯಾಂಪು ಹಾಕಿ ನಾಟಕ ಆಡುವುದು ಹೊಸದಲ್ಲ. ಕಿವಿಯ ಲೆಕ್ಕ ಬಿಟ್ಟು ಕಣ್ಣಿನ ಲೆಕ್ಕ ಹಾಕುವುದಷ್ಟೇ ಹೊಸದು.

ಮೂಕಾಭಿನಯ ಅಲ್ಲ, ಮುದ್ರೆಯೂ ಅಲ್ಲ

ಕರಪತ್ರದಲ್ಲಿ "ಮೂಕ ನಾಟಕ" ಎಂದು ಅಚ್ಚು ಹಾಕಿಸುವುದು ಸಂಘಟಕರು ಮಾಡುವ ಮೊದಲ ತಪ್ಪು. ಮೂಕಾಭಿನಯಕ್ಕೆ ವ್ಯಾಕರಣವಿಲ್ಲ, ಅದಕ್ಕೇ ಅದು ಎಲ್ಲರಿಗೂ ಅಷ್ಟಿಷ್ಟು ತಿಳಿಯುತ್ತದೆ. ನೃತ್ಯದ ಹಸ್ತಮುದ್ರೆ ಹಾಡಿನ ಜೊತೆಗೆ ನಡೆಯುವಂಥದ್ದು, ಅದರಲ್ಲಿ ಇಬ್ಬರು ಕೂತು ಹೊಲದ ವ್ಯಾಜ್ಯ ಬಗೆಹರಿಸಿಕೊಳ್ಳಲು ಆಗುವುದಿಲ್ಲ. ಸನ್ನೆ ಭಾಷೆಯಲ್ಲಿ ಆಗುತ್ತದೆ, ಯಾಕೆಂದರೆ ಅದು ಪೂರ್ಣ ಭಾಷೆ. 1960ರಲ್ಲಿ ಅಮೆರಿಕದ ವಿಲಿಯಂ ಸ್ಟೋಕಿ ಸನ್ನೆಗಳನ್ನು ಬಿಡಿಸಿ ನೋಡಿ, ಮಾತಿನ ಭಾಷೆಯಲ್ಲಿ ಧ್ವನಿಗಳು ಸೇರಿ ಪದವಾಗುವಂತೆ ಇಲ್ಲಿಯೂ ಚಿಕ್ಕ ಚಿಕ್ಕ ಭಾಗಗಳು ಸೇರಿ ಪದವಾಗುತ್ತವೆ ಎಂದು ತೋರಿಸಿದ ಮೇಲೆ ಭಾಷಾಶಾಸ್ತ್ರದಲ್ಲಿ ಈ ವಾದ ಮುಗಿದಂತೆಯೇ ಆಯಿತು.

ಆ ಭಾಗಗಳು ಯಾವುವು ಎಂಬುದು ರಂಗದ ಮೇಲೆ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕು. ಕೈಯ ಆಕಾರ, ಕೈ ಇರುವ ಜಾಗ (ಹಣೆ, ಗಲ್ಲ, ಎದೆ, ಮುಂದಿನ ಖಾಲಿ ಜಾಗ), ಚಲನೆ, ಅಂಗೈ ಯಾವ ಕಡೆ ತಿರುಗಿದೆ ಎಂಬುದು, ಇವುಗಳ ಮೇಲೆ ಮುಖ. ಒಂದನ್ನು ಬದಲಿಸಿದರೆ ಪದವೇ ಬೇರೆಯಾಗಬಹುದು. ನೃತ್ಯ ಕಲಿಸಿದವರು ತಾಲೀಮಿಗೆ ಬಂದು "ಕೈ ಇನ್ನಷ್ಟು ಚಂದ ಮಾಡಿ ಎತ್ತಿ" ಎಂದಾಗ ಕೆಡುವುದು ಇದೇ. ಗಲ್ಲದ ಹತ್ತಿರ ಇರಬೇಕಾದ ಸನ್ನೆ ಚಂದಕ್ಕೆಂದು ತಲೆಯ ಮೇಲೆ ಹೋದರೆ ಕಿವುಡ ಪ್ರೇಕ್ಷಕರಿಗೆ ಅದು ತೊದಲು ಮಾತಿನ ಹಾಗೆ ಕಾಣುತ್ತದೆ.

ಮುಖದ ಕೆಲಸ ಭಾವ ತೋರಿಸುವುದಷ್ಟೇ ಅಲ್ಲ. ಭಾರತೀಯ ಸನ್ನೆ ಭಾಷೆಯಲ್ಲಿ ಏನು, ಎಲ್ಲಿ, ಯಾರು ಎಂಬ ಪ್ರಶ್ನೆ ಪದಗಳು ವಾಕ್ಯದ ಕೊನೆಗೆ ಬರುತ್ತವೆ, ಇಲ್ಲ ಬೇಡಗಳೂ ಕೊನೆಗೇ ಬರುತ್ತವೆ. ಕನ್ನಡಿಗರಿಗೆ ಇದು ಪರಿಚಿತ ದಾರಿ. ಹೌದು ಅಥವಾ ಇಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ಮಾತ್ರ ಬೇರೆ ಪದವೇ ಬೇಕಿಲ್ಲ, ಹುಬ್ಬು ಮೇಲೇರಿ ತಲೆ ತುಸು ಮುಂದೆ ಬಂದರೆ ಸಾಕು. "ಗೌಡ್ರ, ಹೊಲ ಮಾರ್ತೀರೇನ್ರಿ?" ಎಂಬ ಮಾತಿನ "ಏನ್" ಹುಬ್ಬಿನಲ್ಲಿದೆ, "ರಿ" ಬಗ್ಗಿದ ಭುಜದಲ್ಲಿದೆ. ಕಂಪನಿ ನಾಟಕದ ಮೇಕಪ್ಪಿನವರು ರೂಢಿಯಂತೆ ಹುಬ್ಬನ್ನು ಕಪ್ಪಗೆ ಕಮಾನಿನ ಹಾಗೆ ಎತ್ತರಕ್ಕೆ ತಿದ್ದಿದರೆ ಆ ನಟ ರಾತ್ರಿಯಿಡೀ ಪ್ರಶ್ನೆ ಕೇಳುತ್ತಲೇ ಇರುತ್ತಾನೆ.

ಇನ್ನೊಂದು ಜಾಗದ ಲೆಕ್ಕ. ಸನ್ನೆ ಮಾಡುವವರು ಸಾಹುಕಾರನನ್ನು ಬಲಕ್ಕೆ, ಕೂಲಿಯವನನ್ನು ಎಡಕ್ಕೆ "ಇಟ್ಟರು" ಎಂದರೆ, ಆಮೇಲೆ ಹೆಸರು ಹೇಳದೆ ಆ ಕಡೆ ಬೆರಳು ತೋರಿದರೂ ಸಾಕು. ಮೈ ಬಲಕ್ಕೆ ಹೊರಳಿಸಿ ಸಾಹುಕಾರನಾಗಿ ಮಾತಾಡಬಹುದು, ಎಡಕ್ಕೆ ಹೊರಳಿಸಿ ಕೂಲಿಯವನಾಗಿ ಉತ್ತರ ಕೊಡಬಹುದು. ಹರಿಕಥೆಯ ದಾಸರು ಮಾಡುವುದೂ ಇದನ್ನೇ. ಆದರೆ ಇಲ್ಲಿ ಅದು ವ್ಯಾಕರಣ. ಹಾಗಾಗಿ ಮೊದಲ ದೃಶ್ಯದಲ್ಲಿ ಮನೆ ಬಲಕ್ಕಿದ್ದು, ಮೂರನೆಯ ದೃಶ್ಯಕ್ಕೆ ರಂಗಸಜ್ಜಿಕೆಯವರು ಅನುಕೂಲಕ್ಕೆಂದು ಎಡಕ್ಕೆ ಹಾಕಿದರೆ, ನಟರು ತೋರುವ ಪ್ರತಿ ಬೆರಳೂ ಸುಳ್ಳಾಗುತ್ತದೆ.

ಎಲ್ಲಿಂದ ಬಂತು

1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡ ಮಕ್ಕಳಿಗೆ ತುಟಿ ನೋಡಿ ಮಾತು ಕಲಿಸುವುದೇ ಸರಿ ಎಂದು ತೀರ್ಮಾನಿಸಿತು. ಅನೇಕ ದೇಶಗಳಲ್ಲಿ ಸನ್ನೆ ತರಗತಿಯಿಂದ ಹೊರಬಿದ್ದಿತು. ಹೊರಬಿದ್ದದ್ದು ಸಾಯಲಿಲ್ಲ, ಹಾಸ್ಟೆಲುಗಳಲ್ಲಿ, ಕಿವುಡರ ಕ್ಲಬ್ಬುಗಳಲ್ಲಿ ಬದುಕಿತು. 1967ರಲ್ಲಿ ಅಮೆರಿಕದಲ್ಲಿ ಶುರುವಾದ ನ್ಯಾಷನಲ್ ಥಿಯೇಟರ್ ಆಫ್ ದಿ ಡೆಫ್ ಅದನ್ನು ವೃತ್ತಿರಂಗಭೂಮಿಗೆ ತಂದು ಊರೂರು ಸುತ್ತಿತು. 1977ರಲ್ಲಿ ಆ ತಂಡಕ್ಕೆ ವಿಶೇಷ ಟೋನಿ ಪ್ರಶಸ್ತಿ (ಅಮೆರಿಕದ ರಂಗಭೂಮಿಯ ದೊಡ್ಡ ಗೌರವ) ಬಂತು. ಅದೇ ತಂಡದಲ್ಲಿ ಪಳಗಿದ ಫಿಲಿಸ್ ಫ್ರೆಲಿಕ್ 1980ರಲ್ಲಿ ಉತ್ತಮ ನಟಿಯ ಟೋನಿ ಪಡೆದರು. ಪ್ಯಾರಿಸ್‌ನಲ್ಲಿ 1976ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ 1991ರಲ್ಲಿ ಇಂಥವೇ ತಂಡಗಳು ಹುಟ್ಟಿದವು. ನಮ್ಮಲ್ಲಿ ನೃತ್ಯ ಸಂಯೋಜಕ ಅಸ್ತಾದ್ ದೇಬೂ ಕೋಲ್ಕತ್ತದ ಆ್ಯಕ್ಷನ್ ಪ್ಲೇಯರ್ಸ್ ತಂಡದ ಕಿವುಡ ಕಲಾವಿದರೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿದರು. ದೆಹಲಿಯಲ್ಲಿ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರುವಾದದ್ದು 2015ರಲ್ಲಿ. ಅದು ಹೊರತಂದ ನಿಘಂಟು 2018ರಲ್ಲಿ 3,000 ಪದಗಳದ್ದಿತ್ತು, 2021ಕ್ಕೆ 10,000 ಆಯಿತು. ತಾಲೀಮಿನಲ್ಲಿ ಈ ನಿಘಂಟು ಬಹಳ ಉಪಯೋಗಕ್ಕೆ ಬರುತ್ತದೆ. ಆದರೆ ನಿಘಂಟು ನೋಡಿ ನಾಟಕ ಕಟ್ಟುವುದು ಎಂದರೆ ಶಬ್ದಕೋಶ ನೋಡಿ ಕಂದಪದ್ಯ ಬರೆದ ಹಾಗೆ.

ಬರಹದಿಂದ ಕೈಗೆ

ಬರೆದ ನಾಟಕವನ್ನು ಸನ್ನೆಗೆ ತರುವುದು ಅನುವಾದದ ಕೆಲಸ. ಅದರ ಮುಂದಾಳು ಕಿವುಡರೇ ಆಗಿರಬೇಕು. ಕಿವಿ ಕೇಳುವ ನಿರ್ದೇಶಕರು ಸನ್ನೆ ಕಲಿತು ತಾವೇ ಅನುವಾದಿಸಿದರೆ, ಹೊರಗಿನವರು ಪುಸ್ತಕ ನೋಡಿ ಕಲಬುರಗಿ ಮಾತು ಬರೆದಂತೆ ಆಗುತ್ತದೆ: ಪದ ಸರಿ ಇರುತ್ತದೆ, ಯಾರೂ ಹಾಗೆ ಮಾತಾಡುವುದಿಲ್ಲ.

ಮೊದಲಿಗೆ ಸಾಲು ಸಾಲಾಗಿ ಹೋಗಬಾರದು. ಇಡೀ ದೃಶ್ಯದ ಕಥೆಯನ್ನು ಕಿವುಡ ನಟರಿಗೆ ತಿಳಿಸಿ, ಅವರು ತಮ್ಮ ತಮ್ಮಲ್ಲೇ ಅದನ್ನು ಹೇಳಿಕೊಳ್ಳಲು ಬಿಡಬೇಕು. ಹಾಗೆ ಹೇಳಿಕೊಳ್ಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಬೇಕು. ಫೋನು ಎದೆಯ ಎತ್ತರದಲ್ಲಿ ಸ್ಟ್ಯಾಂಡಿನ ಮೇಲಿರಲಿ, ಸೊಂಟದಿಂದ ತಲೆಯ ಮೇಲೆ ಒಂದು ಗೇಣಿನವರೆಗೆ ಕಾಣಲಿ. ಆ ಚಿತ್ರಣದಿಂದ ಸಾಲುಗಳನ್ನು ಆರಿಸಿ ಕಟ್ಟಿದ ಮೇಲೆ, ಕಥೆ ಗೊತ್ತಿಲ್ಲದ ನಾಲ್ಕೈದು ಕಿವುಡರಿಗೆ ತೋರಿಸಿ "ಏನಾಯಿತು, ನೀವೇ ಹೇಳಿ" ಎಂದು ಕೇಳಬೇಕು. ಅವರು ತಿರುಗಿ ಹೇಳುವಾಗ ಎಲ್ಲಿ ಕಥೆ ಅಡ್ಡದಾರಿ ಹಿಡಿಯಿತೋ ಅಲ್ಲಿ ಸನ್ನೆ ಸೋತಿದೆ ಎಂದರ್ಥ. "ಅವರಿಗೆ ಓದು ಕಡಿಮೆ, ಅದಕ್ಕೇ ತಿಳಿಯಲಿಲ್ಲ" ಎಂದು ಜಾರಿಕೊಳ್ಳುವ ನಿರ್ದೇಶಕರ ನಾಟಕ ಶಹಾಪುರದಲ್ಲೂ ತಿಳಿಯುವುದಿಲ್ಲ, ಸುರಪುರದಲ್ಲೂ ತಿಳಿಯುವುದಿಲ್ಲ. ಕೊನೆಗೆ ಒಪ್ಪಿದ ಚಿತ್ರಣವೇ ನಾಟಕದ ಪ್ರತಿ. ಕಾಗದದ ಮೇಲಿನದ್ದು ಬರೀ ನೆನಪಿನ ಚೀಟಿ. ಒಂದು ಗಂಟೆಯ ನಾಟಕಕ್ಕೆ ಈ ಕೆಲಸಕ್ಕೇ ನಾಲ್ಕೈದು ವಾರ ಎತ್ತಿಡಬೇಕು, ನಡೆ ಕಲಿಸುವ ತಾಲೀಮು ಆಮೇಲೆ.

ಕಾಲದ ಲೆಕ್ಕವೂ ಇದೆ. ಒಂದು ಸನ್ನೆ ಮಾಡಲು ಒಂದು ಮಾತು ಆಡುವುದರ ಸುಮಾರು ಎರಡರಷ್ಟು ಹೊತ್ತು ಬೇಕು. ಆದರೂ ಒಂದು ವಿಷಯ ಹೇಳಿ ಮುಗಿಸಲು ಎರಡೂ ಭಾಷೆಗೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದೇ, ಯಾಕೆಂದರೆ ಒಂದೇ ಸನ್ನೆಯಲ್ಲಿ ಯಾರು, ಎಲ್ಲಿಂದ ಎಲ್ಲಿಗೆ, ಎಷ್ಟು ಜೋರಾಗಿ ಎಂಬುದೆಲ್ಲ ಅಡಕವಾಗಿರುತ್ತದೆ. ತೊಗರಿ ಹೊಲದ ಬದುವಿನ ಮೇಲೆ ಟ್ರ್ಯಾಕ್ಟರ್ ಓಲಾಡುತ್ತ ಬಂದದ್ದನ್ನು ಒಂದು ಕೈ ಬದುವಾಗಿ, ಇನ್ನೊಂದು ಕೈ ಟ್ರ್ಯಾಕ್ಟರಾಗಿ ಒಂದೇ ಉಸಿರಿಗೆ ಹೇಳಬಹುದು. ಹಾಗಾಗಿ ತಾಲೀಮಿನಲ್ಲಿ ಗಡಿಯಾರ ನೋಡಿ. 60 ನಿಮಿಷದ ನಾಟಕ 100 ನಿಮಿಷಕ್ಕೆ ಎಳೆದಿದ್ದರೆ, ಎಲ್ಲೋ ಪದಕ್ಕೆ ಪದ ಇಟ್ಟಿದ್ದೀರಿ ಎಂದು ತಿಳಿಯಬೇಕು.

ಕಂಪನಿ ನಾಟಕದ ಜೀವ ಪ್ರಾಸ ಮತ್ತು ಎರಡರ್ಥದ ಮಾತು. ಅವು ಸನ್ನೆಗೆ ದಾಟುವುದಿಲ್ಲ. ಸನ್ನೆಗೆ ಅದರದ್ದೇ ಪ್ರಾಸವಿದೆ, ಅದು ಕೈಯ ಆಕಾರದ್ದು. ಮುಷ್ಟಿಯಲ್ಲೇ ನೇಗಿಲು ಹಿಡಿ, ಮುಷ್ಟಿಯಲ್ಲೇ ಬಾರುಕೋಲು ಬೀಸು, ಮುಷ್ಟಿಯಲ್ಲೇ ಸಾಹುಕಾರನ ಬಾಗಿಲು ಬಡಿ, ಕೊನೆಗೆ ಮುಷ್ಟಿ ಬಿಚ್ಚಿ ಬೀಜ ಚೆಲ್ಲು. ನಾಲ್ಕು ಸಾಲಿನ ಪದವೇ ಆಯಿತು. ಕಿವುಡ ಪ್ರೇಕ್ಷಕರು ಆ ಬಿಚ್ಚಿದ ಕೈಗೆ ತಲೆದೂಗುತ್ತಾರೆ. ನಗೆಯೂ ಹೀಗೆಯೇ, ಹೆಚ್ಚುಕಡಿಮೆ ಒಂದೇ ತೆರನಾಗಿ ಕಾಣುವ ಎರಡು ಸನ್ನೆಗಳ ನಡುವೆ ನಟ "ತಪ್ಪಿ" ಬಿದ್ದಾಗ ಹುಟ್ಟುತ್ತದೆ.

ಬಸವಕಲ್ಯಾಣದ ನೆಲದಲ್ಲಿ ನಾಟಕವೆಂದರೆ ವಚನ ಬೇಕೇ ಬೇಕು ಎನ್ನುತ್ತಾರೆ. "ಉಳ್ಳವರು ಶಿವಾಲಯವ ಮಾಡುವರು" ಎಂಬ ಬಸವಣ್ಣನವರ ವಚನವನ್ನೇ ತೆಗೆದುಕೊಳ್ಳಿ. ಕಾಲು ಕಂಬ, ದೇಹ ದೇಗುಲ, ಶಿರ ಕಳಸ: ಸನ್ನೆಗೆ ಹೇಳಿ ಮಾಡಿಸಿದ್ದು ಎಂದು ಮೊದಲು ಅನಿಸುತ್ತದೆ. ಈ ಸುಲಭವಾದ ಭಾಗದಲ್ಲೇ ಎಡವುವುದು ಹೆಚ್ಚು. ನಟ ಕಾಲು ಮುಟ್ಟಿ, ಕಂಬದ ಸನ್ನೆ ಮಾಡಿ, ದೇಹ ಮುಟ್ಟಿ, ಗುಡಿಯ ಸನ್ನೆ ಮಾಡಿದರೆ ಅದು ಪಾಠ ಒಪ್ಪಿಸಿದ ಹಾಗೆ. ಮೊದಲ ಸಾಲಿನಲ್ಲಿ ಉಳ್ಳವರ ಗುಡಿಯನ್ನು ಬಲಕ್ಕೆ, ಗಾಳಿಯಲ್ಲಿ, ಕಂಬ ಕಂಬವಾಗಿ ಕಟ್ಟಬೇಕು. ಆಮೇಲೆ ಅದೇ ಕಂಬದ ಕೈಗಳನ್ನು ತನ್ನ ತೊಡೆಯ ಪಕ್ಕಕ್ಕೆ ತಂದು ನಿಲ್ಲಿಸಿದರೆ, ಕಾಲು ಎಂಬ ಪದವೇ ಬೇಡ. ಕಡೆಯ ಸಾಲಿನಲ್ಲಿ ಸ್ಥಾವರ ಅಳಿಯುವಾಗ ಬಲಕ್ಕೆ ಕಟ್ಟಿದ್ದ ಆ ಗುಡಿಯೇ ಕುಸಿಯಬೇಕು, ಬೇರೆಲ್ಲೋ ಅಲ್ಲ. ಜಂಗಮಕ್ಕೆ ನಟ ನಡೆದುಬಿಟ್ಟರೂ ಆಯಿತು. ಇನ್ನು "ಕೂಡಲಸಂಗಮದೇವಾ ಕೇಳಯ್ಯಾ" ಎಂಬಲ್ಲಿ ಅಂಕಿತವನ್ನು ಅಕ್ಷರ ಅಕ್ಷರವಾಗಿ ಬೆರಳಲ್ಲಿ ಬರೆಯಲು ಹೋದರೆ ಲಯ ಸತ್ತುಹೋಗುತ್ತದೆ. ಎರಡು ಹೊಳೆ ಕೂಡುವ ಸನ್ನೆ, ಮೇಲೆತ್ತಿದ ನೋಟ, ಇಷ್ಟು ಸಾಕು. ಕಿವಿ ಮುಟ್ಟಿ "ಕೇಳು" ಎನ್ನುವ ಬದಲು "ಇತ್ತ ನೋಡು" ಎಂದು ದೇವರನ್ನು ಕರೆಯುವುದನ್ನೇ ಕಿವುಡ ನಟರು ಆರಿಸಿದರೆ ಯಾರೂ ತಕರಾರು ತೆಗೆಯಬಾರದು.

ಮೂರೂ ಜಿಲ್ಲೆಯ ಪ್ರೇಕ್ಷಕರಲ್ಲಿ ಎಲ್ಲರ ಸನ್ನೆ ಒಂದೇ ಆಗಿರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಾಲೆ ಹಾಸ್ಟೆಲಿನಲ್ಲಿ ಬೆಳೆದವರದ್ದು ಒಂದು, ಹೈದರಾಬಾದ್ ಬೆಂಗಳೂರಿನ ಗೆಳೆಯರ ಜೊತೆ ದಿನವೂ ವಿಡಿಯೊ ಕರೆಯಲ್ಲಿ ಮಾತಾಡುವ ಹುಡುಗರದ್ದು ಒಂದು, ಶಾಲೆಯನ್ನೇ ಕಾಣದೆ ಮನೆಯವರ ಜೊತೆ ಕಟ್ಟಿಕೊಂಡ ಮನೆಸನ್ನೆಯವರದ್ದು ಇನ್ನೊಂದು. ಕಥೆಯ ಮುಖ್ಯ ತಿರುವುಗಳನ್ನು ಪದದ ಮೇಲೆ ನಿಲ್ಲಿಸದೆ ಕೈಯಲ್ಲೇ ಕಟ್ಟುವ ಚಿತ್ರ ಮತ್ತು ಕ್ರಿಯೆಯ ಮೇಲೆ ನಿಲ್ಲಿಸಿದರೆ ಮೂರನೆಯವರೂ ಜೊತೆಗೆ ಬರುತ್ತಾರೆ. ರೊಟ್ಟಿಗೆ ಯಾವ ಊರಿನ ಸನ್ನೆ ಎಂದು ಜಗಳ ಬೇಡ, ಕೈಯಲ್ಲಿ ಬಡಿದು ತೋರಿಸಿ.

ಪರದೆ, ಬಟ್ಟೆ, ಕೈಯಲ್ಲಿ ಹಿಡಿಯುವುದು

ಅರಮನೆ, ಬೀದಿ, ಕಾಡು ಬರೆದ ಪರದೆಗಳು ವೃತ್ತಿ ನಾಟಕದ ಹೆಮ್ಮೆ. ಸನ್ನೆ ನಾಟಕಕ್ಕೆ ಅವು ಶತ್ರು. ಹಿಂದೆ ಹತ್ತು ಬಣ್ಣದ ಕಂಬ ಬಳ್ಳಿ ಇದ್ದರೆ ಮುಂದಿನ ಬೆರಳು ಅದರಲ್ಲಿ ಕಳೆದುಹೋಗುತ್ತದೆ. ಮಧ್ಯದ ಭಾಗಕ್ಕೆ ಮಾಸಲು ನೀಲಿಯೋ ಬೂದಿಯೋ ಒಂದೇ ಬಣ್ಣದ ಮ್ಯಾಟ್ ಬಟ್ಟೆ ಬಿಟ್ಟು, ಚಿತ್ರವನ್ನು ಎರಡು ಪಕ್ಕಕ್ಕೆ ಸರಿಸಬೇಕು. ಬಟ್ಟೆಯ ಕೆಳ ಅಂಚಿಗೆ ಪೈಪು ಹೊಲಿದು ಭಾರ ಕೊಡದಿದ್ದರೆ ಬಯಲಿನ ಗಾಳಿಗೆ ಅದು ಅಲ್ಲಾಡುತ್ತದೆ, ಅಲ್ಲಾಡುವ ಹಿನ್ನೆಲೆ ಗದ್ದಲದ ಸಂತೆಯಿದ್ದಂತೆ.

ವೇಷದ ನಿಯಮ ಸಣ್ಣದು. ಕುತ್ತಿಗೆಯಿಂದ ಸೊಂಟದವರೆಗೆ ಅಂಚು, ಜರಿ, ಚೌಕುಳಿ ಯಾವುದೂ ಬೇಡ. ಕೈಯ ಮೈಬಣ್ಣಕ್ಕೆ ಎದ್ದು ಕಾಣುವ ಒಂದೇ ಬಣ್ಣವಿರಲಿ: ಕಪ್ಪು ಮೈಬಣ್ಣಕ್ಕೆ ತಿಳಿ ಬಣ್ಣ, ಬಿಳಿ ಮೈಬಣ್ಣಕ್ಕೆ ಗಾಢ ಬಣ್ಣ. ಜರಿಯಂಚಿನ ಇಳಕಲ್ ಸೀರೆ ಉಡಲೇಬೇಕಾದ ಪಾತ್ರಕ್ಕೆ ಸೆರಗನ್ನು ಬೆನ್ನಿಗೆ ಬಿಗಿದು, ಎದೆಯ ಮೇಲೆ ಬರೀ ಒಡಲು ಬರುವಂತೆ ಉಡಿಸಬಹುದು. ತಲೆಯ ಮೇಲೆ ಸೆರಗು ಹೊದ್ದರೆ ಹುಬ್ಬು ಕಾಣಬೇಕು. ಉಂಗುರ, ಮಿನುಗುವ ಬಳೆ, ಉಗುರುಬಣ್ಣ ತೆಗೆದಿಡಬೇಕು. ಅಂಟಿಸಿದ ದಪ್ಪ ಮೀಸೆ ತುಟಿ ಮುಚ್ಚುತ್ತದೆ, ಬೇಕೇಬೇಕಾದರೆ ತೆಳ್ಳಗೆ ಬರೆಯಿರಿ.

ಕೈಯಲ್ಲಿ ಸಾಮಾನು ಹಿಡಿದ ನಟ ಬಾಯಿಗೆ ಕೈ ಅಡ್ಡ ಹಿಡಿದಂತೆ. ಕತ್ತಿ ಹಿಡಿದ ರಾಜನಿಗೆ ಅರ್ಧ ಮಾತಷ್ಟೇ ಬರುತ್ತದೆ. ಕತ್ತಿಯನ್ನು ನೆಲಕ್ಕೆ ಊರಲು, ಕೊಡವನ್ನು ಕಟ್ಟೆಗೆ ಇಡಲು, ಕಂದೀಲನ್ನು ಮೊಳೆಗೆ ತೂಗಲು ಪ್ರತಿ ದೃಶ್ಯದಲ್ಲೂ ಒಂದು ಜಾಗ ಮೊದಲೇ ನಿಗದಿಯಾಗಿರಬೇಕು. ಇಬ್ಬರು ಎದುರುಬದುರು ಮಾತಾಡುವಾಗ ಪೂರ್ತಿ ಪಕ್ಕಕ್ಕೆ ತಿರುಗಬಾರದು, ಆಚೆಯ ಕೈ ಮೈಯ ಹಿಂದೆ ಅಡಗುತ್ತದೆ. ಮುಕ್ಕಾಲು ಮುಖ ಜನರ ಕಡೆಗಿರಲಿ. ಹೀಗಿರುವಾಗ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುವುದು ಹೇಗೆ ಎಂದು ಕೇಳಬಹುದು. ಒಬ್ಬರು ಎರಡು ಹೆಜ್ಜೆ ಹಿಂದೆ ನಿಂತರೆ ಆಯಿತು, ಆದರೆ ಸರದಿ ಬದಲಾದಾಗ ಆ ಜಾಗವೂ ಬದಲಾಗಬೇಕು. ತಾಲೀಮಿನ ಅರ್ಧ ಹೊತ್ತು ಹೋಗುವುದು ಇದಕ್ಕೇ.

ಬೆಳಕಿನ ಲೆಕ್ಕ

ಮುಖ್ಯ ಬೆಳಕು ಎದುರಿನಿಂದ, ಎರಡೂ ಪಕ್ಕದಿಂದ 45 ಡಿಗ್ರಿ ಕೋನದಲ್ಲಿ ಬರಬೇಕು. ಬರೀ ಮೇಲಿನಿಂದ ಬಿಟ್ಟರೆ ಹುಬ್ಬಿನ ನೆರಳು ಕಣ್ಣಿಗೆ ಬೀಳುತ್ತದೆ, ಕೆಳಗಿನಿಂದ ಬಿಟ್ಟರೆ ಕೈಯ ನೆರಳು ಮುಖದ ಮೇಲೆ ಕುಣಿಯುತ್ತದೆ. ಬೆಚ್ಚನೆಯ ಬಿಳಿ ಬೆಳಕು ಒಳ್ಳೆಯದು. ಭೂತ ಬಂದಾಗ ಕೆಂಪು, ರಾತ್ರಿಗೆ ಕಡುನೀಲಿ ಎಂಬ ರೂಢಿಯನ್ನು ಬಿಡಬೇಕು, ಅಥವಾ ಆ ಬಣ್ಣವನ್ನು ಹಿಂದಿನ ಪರದೆಗಷ್ಟೇ ಬಿಡಬೇಕು. ಮಿಣಮಿಣ ಮಿಂಚುವ ದೀಪ ಬೇಡವೇ ಬೇಡ. ದೃಶ್ಯದ ಕೊನೆಯ ಸನ್ನೆ ಮುಗಿದು ಕೈ ಕೆಳಗಿಳಿದ ಮೇಲೆ ಎರಡು ಎಣಿಸಿ ಬೆಳಕು ಇಳಿಸಬೇಕು. ಆತುರಕ್ಕೆ ಬಿದ್ದ ಲೈಟಿನವರು ವಾಕ್ಯದ ಕ್ರಿಯಾಪದವನ್ನೇ ನುಂಗಿಬಿಡುತ್ತಾರೆ, ಅದು ಬರುವುದು ಕೊನೆಗೇ ತಾನೆ.

24 ಅಡಿ ಅಗಲದ ರಂಗಕ್ಕೆ 12 ಎಲ್‌ಇಡಿ ಪಾರ್ ದೀಪ (ಡಬ್ಬಿಯಾಕಾರದ ರಂಗದೀಪ) ಸಾಕು. ಒಂದಕ್ಕೆ ಸುಮಾರು 150 ವ್ಯಾಟ್ ಎಂದರೆ 1.8 ಕಿಲೋವ್ಯಾಟ್. ಧ್ವನಿಗೆ 500 ವ್ಯಾಟ್, ಪಕ್ಕದ ಕೋಣೆಗಳಿಗೆ ಇನ್ನೊಂದು 200 ಸೇರಿಸಿದರೂ 2.5 ಕಿಲೋವ್ಯಾಟ್ ಆಯಿತು. 5 ಕೆವಿಎ ಜನರೇಟರ್ ಸುಮಾರು 4 ಕಿಲೋವ್ಯಾಟ್ ಕೊಡುತ್ತದೆ, ಆರಾಮಾಗಿ ನಡೆಯುತ್ತದೆ. ಹಳೆಯ ಸಾವಿರ ವ್ಯಾಟಿನ ಹ್ಯಾಲೋಜನ್ ಎಂಟು ಹಾಕಿದರೆ ದೀಪಕ್ಕೇ 8 ಕಿಲೋವ್ಯಾಟ್ ಬೇಕು, ಮೇಲೆ ನಟರು ಬೆವರಿ ಮೇಕಪ್ ಕರಗುತ್ತದೆ. ಜಾತ್ರೆಯಲ್ಲಿ ತೊಟ್ಟಿಲಿನವರ ಲೈನಿನಿಂದ ಕರೆಂಟು ಎಳೆಯಬಾರದು, ತೊಟ್ಟಿಲು ತಿರುಗಿದಾಗಲೆಲ್ಲ ವೋಲ್ಟೇಜ್ ಬೀಳುತ್ತದೆ. ಇಷ್ಟೆಲ್ಲ ಇದ್ದರೂ ರಂಗದ ಎರಡು ಮೂಲೆಗೆ, ಕರೆಂಟು ಹೋದ ತಕ್ಷಣ ತಾನೇ ಹೊತ್ತುವ ಎರಡು ಬ್ಯಾಟರಿ ದೀಪ ಇರಲೇಬೇಕು. ನಾಟಕಕ್ಕೆ ಮಾತ್ರವಲ್ಲ, ಬೆಂಕಿ ಬಿತ್ತು ಎಂದು ಹೇಳುವುದಕ್ಕೂ ಆ ಬೆಳಕೇ ಬೇಕು.

ಮಳೆಗಾಲದ ಕೊನೆಗೆ ದೀಪಕ್ಕೆ ಹುಳು ಮುತ್ತುತ್ತವೆ. ಕಣ್ಣಿಗೆ ಹುಳು ಬಡಿದು ರೆಪ್ಪೆ ಮುಚ್ಚಿದರೆ ಅದೂ ಒಂದು ಅರ್ಥವಾಗಿಬಿಡುತ್ತದೆ. ರಂಗದಿಂದ 60 ಅಡಿ ದೂರಕ್ಕೆ, ಒಂದು ಗಂಟೆ ಮುಂಚೆಯೇ, ಬೆಳ್ಳನೆಯ ದೊಡ್ಡ ದೀಪ ಹಚ್ಚಿಟ್ಟರೆ ಬಹುಪಾಲು ಹುಳು ಅಲ್ಲಿಗೆ ಹೋಗುತ್ತವೆ. ಸಂಜೆಯ ಬಯಲು ಆಟಕ್ಕೆ ರಂಗ ಪಡುವಣಕ್ಕೆ ಮುಖ ಮಾಡಿದರೆ ನಟರು ಸೂರ್ಯನಿಗೆ ಕಣ್ಣು ಕಿರಿದು ಮಾಡುತ್ತಾರೆ, ಮೂಡಣಕ್ಕೆ ಮಾಡಿದರೆ ಬರೀ ನೆರಳಾಕೃತಿ ಕಾಣುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಿ, ಪಡುವಣದ ಪಕ್ಕಕ್ಕೆ ತಾಡಪಾಲು ಕಟ್ಟಬೇಕು.

ಯಾವಾಗ ಬರಬೇಕೆಂದು ಗೊತ್ತಾಗುವುದು ಹೇಗೆ

"ಕಿವುಡ ನಟರು ಕಂಪನ ಹಿಡಿದು ಕುಣಿಯುತ್ತಾರೆ" ಎಂಬ ಮಾತು ಪತ್ರಿಕೆಗಳಿಗೆ ಬಹಳ ಇಷ್ಟ. ನಿಜದಲ್ಲಿ ಹೆಚ್ಚಿನ ಕೆಲಸ ಎಣಿಕೆ ಮತ್ತು ಕಣ್ಣಂಚಿನ ನೋಟದ್ದು. ಪಕ್ಕದ ನಟಿಯ ಭುಜ ಏರಿದಾಗ ಮೂರು ಎಣಿಸಿ ಒಳಗೆ ಬಾ ಎಂಬಂಥ ಗುರುತುಗಳನ್ನು ತಾಲೀಮಿನಲ್ಲಿ ನೂರು ಸಲ ಮಾಡಿ ಮೈಗೆ ಇಳಿಸುತ್ತಾರೆ. ಕಂಪನ ಉಪಯೋಗಕ್ಕೆ ಬರುವುದು ನೆಲ ಟೊಳ್ಳಾಗಿದ್ದರೆ ಮಾತ್ರ. ಗುಡಿಯ ಮುಂದಿನ ಕಲ್ಲುಕಟ್ಟೆ, ಶಾಲೆಯ ಸಿಮೆಂಟು ವೇದಿಕೆ ಡೊಳ್ಳಿನ ಪೆಟ್ಟನ್ನು ಕಾಲಿಗೆ ಮುಟ್ಟಿಸುವುದಿಲ್ಲ. ಮರದ ಅಡ್ಡಪಟ್ಟಿ ಹಾಕಿ ಮೇಲೆ 18 ಮಿಲಿಮೀಟರಿನ ಪ್ಲೈವುಡ್ ಹಾಸಿ, ಡೊಳ್ಳನ್ನು ಅದೇ ಹಾಸಿನ ಮೇಲಿಟ್ಟು ಬಾರಿಸಿದರೆ ಅಂಗಾಲಿಗೂ ಎದೆಗೂ ತಟ್ಟುತ್ತದೆ. ತಬಲದ ಸಣ್ಣ ಬೋಲು ತಟ್ಟುವುದಿಲ್ಲ.

ಮರೆಯಲ್ಲಿ ನಿಂತು ಮಾತು ಹೇಳಿಕೊಡುವವರು ಇಲ್ಲಿ ಕೆಲಸಕ್ಕೆ ಬಾರರು. ಅವರು ಮೊದಲ ಸಾಲಿನ ನಡುವೆ, ನೆಲದ ಮೇಲೆ, ನಟರಿಗೆ ಕಾಣುವಂತೆ ಕೂರಬೇಕು, ಅವರ ಕೈಗೂ ತುಸು ಬೆಳಕು ಬೀಳಬೇಕು. ಪಕ್ಕದ ಮರೆಗಳಲ್ಲಿ ಹಸಿರು ಕೆಂಪು ಸಣ್ಣ ಬಲ್ಬು ಹಾಕಿ ಒಬ್ಬರ ಕೈಗೆ ಸ್ವಿಚ್ಚು ಕೊಟ್ಟರೆ ಪ್ರವೇಶದ ಗೊಂದಲ ಹೋಗುತ್ತದೆ. ಮರೆ ಪೂರ್ತಿ ಕತ್ತಲಾಗಿದ್ದರೆ ಅಲ್ಲಿರುವವರ ಬಾಯಿ ಕಟ್ಟಿದಂತೆ, ಆದ್ದರಿಂದ ಮಂದ ನೀಲಿ ದೀಪ ಇರಲಿ.

ಕೇಳುವವರಿಗೆ ದನಿ

ಊರಿನ ಜನರೆಲ್ಲ ಬರುವ ಆಟದಲ್ಲಿ ಸನ್ನೆ ಬಾರದವರೇ ಹೆಚ್ಚು. ರಂಗದ ಮೂಲೆಗೆ ಒಬ್ಬ ದುಭಾಷಿಯನ್ನು ನಿಲ್ಲಿಸುವುದು ಸೋವಿ ದಾರಿ, ಫಲವೂ ಸೋವಿಯೇ. ಇದಕ್ಕಿಂತ ಒಳ್ಳೆಯದು ನಮ್ಮಲ್ಲೇ ಇದೆ. ದೊಡ್ಡಾಟದಲ್ಲಿ ಕಥೆ ನಡೆಸುವ ಭಾಗವತರ ಜಾಗವನ್ನು ದನಿ ಕೊಡುವವರಿಗೆ ಕೊಡಬಹುದು. ಇಬ್ಬರು ಮೂವರು ಕೂತು ಎಲ್ಲ ಪಾತ್ರಗಳ ಮಾತನ್ನೂ ಆಡಲಿ, ಕಲಬುರಗಿಯಲ್ಲಿ ಕಲಬುರಗಿ ಮಾತಿನಲ್ಲಿ, ಬೀದರಿನಲ್ಲಿ ನಡುವೆ ಒಂದಿಷ್ಟು ದಖನಿ ಸೇರಿಸಿ. ಒಂದು ಷರತ್ತು ಮಾತ್ರ ಕಟ್ಟುನಿಟ್ಟು: ಕೈ ಮುಂದೆ, ದನಿ ಅರ್ಧ ಕ್ಷಣ ಹಿಂದೆ. ದನಿಯವರು ಚಪ್ಪಾಳೆ ಗಿಟ್ಟಿಸುವ ಆಸೆಗೆ ಮುಂದೆ ಓಡಿದರೆ ನಟರು ಅವರ ಬಾಯಿಗೆ ತಕ್ಕಂತೆ ಕೈ ಆಡಿಸುವ ಗೊಂಬೆಗಳಾಗುತ್ತಾರೆ, ಕಿವುಡ ಪ್ರೇಕ್ಷಕರಿಗೆ ಸಿಗುವುದು ಉಳಿಕೆಯ ಊಟ. ಹಾಗಾಗಿ ದನಿಯವರು ನಟರ ಬೆನ್ನ ಹಿಂದೆ ಕೂರಬಾರದು, ಕೈ ಕಾಣುವಂತೆ ಮುಂದಿನ ಪಕ್ಕಕ್ಕೆ ಕೂರಬೇಕು. ಪರದೆಯ ಮೇಲೆ ಕನ್ನಡ ಅಕ್ಷರ ಹಾಕುವುದು ಕೇಳುವವರಿಗೆ ಅನುಕೂಲ. ಕಿವುಡರಿಗೂ ಅದೇ ಸಾಕು ಎಂದುಕೊಳ್ಳುವುದು ತಪ್ಪು, ಬರೆದ ಕನ್ನಡ ಅವರಲ್ಲಿ ಬಹಳ ಜನರಿಗೆ ಎರಡನೆಯ ಭಾಷೆ.

ಜನ, ಕುರ್ಚಿ, ಪ್ರಚಾರ

ಮುಖದ ವ್ಯಾಕರಣ 50 ಅಡಿಯವರೆಗೆ ಚೆನ್ನಾಗಿ ಕಾಣುತ್ತದೆ. ಕುರ್ಚಿಗಳನ್ನು ಅರ್ಧ ಚಂದ್ರದಂತೆ, ಆ ದೂರದೊಳಗೆ ಹಾಕಿದರೆ ಸುಮಾರು 300 ಜನ ಹಿಡಿಯುತ್ತಾರೆ. ನಡುವಿನ ಮುಂದಿನ ಸಾಲುಗಳು ಕಿವುಡರಿಗೆ. ಗಣ್ಯರ ಸೋಫಾ ಪಕ್ಕಕ್ಕೆ ಹೋಗಲಿ, ಬೇಸರವಾದರೂ ಪರವಾಗಿಲ್ಲ. ಎದ್ದುನಿಂತು ಫೋಟೊ ತೆಗೆಯುವವರನ್ನು ಮೊದಲೇ ತಡೆಯಬೇಕು, ಅವರು ಇಲ್ಲಿ ಅಡ್ಡ ಬರುವುದು ನೋಟಕ್ಕಷ್ಟೇ ಅಲ್ಲ, ಮಾತಿಗೆ. ಜನ ಹೆಚ್ಚಿದರೆ ದೊಡ್ಡ ಎಲ್‌ಇಡಿ ಪರದೆ ಹಾಕಬಹುದು, ಆದರೆ ಮದುವೆ ವಿಡಿಯೊ ತೆಗೆದು ಪಳಗಿದ ಕ್ಯಾಮೆರಾದವರು ಅಳುವ ಮುಖ ಕಂಡೊಡನೆ ಹತ್ತಿರಕ್ಕೆ ಎಳೆಯುತ್ತಾರೆ, ಕೈ ಹೊರಗೆ ಬೀಳುತ್ತದೆ. ಸೊಂಟದಿಂದ ಮೇಲಿನ ಚೌಕಟ್ಟು ಒಂದೇ ಸಲ ಹಿಡಿದು ಕ್ಯಾಮೆರಾಕ್ಕೆ ಕೈ ಹಚ್ಚಬೇಡಿ ಎಂದು ಹೇಳಿಬಿಡಬೇಕು. ಪ್ರೇಕ್ಷಕರ ಕಡೆಯೂ ಪೂರ್ತಿ ಕತ್ತಲೆ ಬೇಡ, ಅವರೂ ಪಕ್ಕದವರ ಜೊತೆ ಮಾತಾಡಬೇಕಲ್ಲ. ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಅಲ್ಲಾಡಿಸುವುದನ್ನು ಆಟಕ್ಕೆ ಮುಂಚೆ ಎಲ್ಲರಿಗೂ ಒಮ್ಮೆ ತೋರಿಸಿದರೆ ಸಾಕು, ಮಕ್ಕಳು ಮಿಕ್ಕವರಿಗೆ ಕಲಿಸುತ್ತಾರೆ.

ಆಟೋಕ್ಕೆ ಮೈಕು ಕಟ್ಟಿ ಮೂರು ದಿನ ಊರು ಸುತ್ತಿದರೂ ಒಬ್ಬ ಕಿವುಡರಿಗೆ ಸುದ್ದಿ ಮುಟ್ಟುವುದಿಲ್ಲ. ಒಂದು ನಿಮಿಷದ ಸನ್ನೆ ವಿಡಿಯೊ ಮಾಡಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹತ್ತು ದಿನ ಮುಂಚೆ ಬಿಡಬೇಕು. ದಿನ, ಹೊತ್ತು, ಜಾಗ, ಮತ್ತು ಮರಳಿ ಹೋಗಲು ಕೊನೆಯ ಬಸ್ಸು ಎಷ್ಟಕ್ಕೆ ಎಂಬುದು ಅದರಲ್ಲಿರಲಿ. ಹಳ್ಳಿಯಿಂದ ಬರುವವರು ಬರುವುದೂ ಬಿಡುವುದೂ ಆ ಬಸ್ಸಿನ ಮೇಲೆಯೇ ನಿಂತಿದೆ.

ದಾರಿ

ಜಾತ್ರೆ ಹಿಡಿದು ಹೋಗುವ ತಂಡಕ್ಕೆ ಸಂಕ್ರಾಂತಿಯ ಹೊತ್ತಿಗೆ ಯಾದಗಿರಿಯ ಮೈಲಾಪುರ, ಜನವರಿಯಲ್ಲೇ ಹುಮನಾಬಾದಿನ ವೀರಭದ್ರೇಶ್ವರ, ಹೋಳಿಯ ನಂತರ ಕಲಬುರಗಿಯ ಶರಣಬಸವೇಶ್ವರ ಎಂದು ಋತು ಸಾಗುತ್ತದೆ. ಬೀದರಿನ ಚಳಿಗೆ ಬೆರಳು ಮರಗಟ್ಟುತ್ತವೆ, ಮರಗಟ್ಟಿದ ಬೆರಳು ಉಗ್ಗುತ್ತದೆ. ಪ್ರವೇಶಕ್ಕೆ ಮುಂಚೆ 15 ನಿಮಿಷ ಮಣಿಕಟ್ಟು, ಬೆರಳು, ಭುಜ, ಕುತ್ತಿಗೆ ಬಿಸಿ ಮಾಡಿಕೊಳ್ಳಬೇಕು. ಕಲಬುರಗಿಯ ಏಪ್ರಿಲಿನಲ್ಲಿ ಬಿಸಿಲು 40 ಡಿಗ್ರಿ ದಾಟುವುದರಿಂದ ತಾಲೀಮು ಬೆಳಗ್ಗೆ ಹತ್ತರೊಳಗೆ ಮುಗಿಯಬೇಕು. ದಿನಕ್ಕೆ ಎರಡು ಆಟಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಮಣಿಕಟ್ಟಿನ ನರ ಊದಿಕೊಳ್ಳುತ್ತದೆ, ಗಂಟಲು ಕಟ್ಟಿದ ಗಾಯಕರಿಗೆ ವಿಶ್ರಾಂತಿ ಕೊಡುವಂತೆ ಕೈಗೂ ಕೊಡಬೇಕು. ಲಾಡ್ಜಿನಲ್ಲಿ ಬಾಗಿಲು ಬಡಿದು ಎಬ್ಬಿಸಲಾಗದು, ಪ್ರತಿ ಕೋಣೆಯ ಇನ್ನೊಂದು ಕೀಲಿ ತಂಡದ ವ್ಯವಸ್ಥಾಪಕರ ಬಳಿ ಇರಲಿ.

ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ದಿಂದ ಇದೆ. ಆಟ ತಡವಾಗಿ ಶುರುವಾದರೆ ಮಾತಿನ ನಾಟಕದವರು ಕೊನೆಯ ಅಂಕ ಕತ್ತರಿಸುತ್ತಾರೆ. ಇಲ್ಲಿ 10 ಆದೊಡನೆ ಮೈಕು ಮುಚ್ಚಿ, ದನಿಯವರು ಸುಮ್ಮನೆ ಕೂತು ನೋಡುತ್ತಾರೆ, ಆಟ ಪೂರ್ತಿ ನಡೆಯುತ್ತದೆ. ಅಷ್ಟು ಹೊತ್ತಿಗೆ ಕಥೆ ಕೈಗೆ ಸಿಕ್ಕಿದ್ದರೆ ಕೇಳುವವರೂ ಎದ್ದುಹೋಗುವುದಿಲ್ಲ.

ಸಾಮಾನು ಗಾಡಿಗೆ ಹೇರುವಾಗ ಬ್ಯಾಟರಿ ದೀಪಗಳನ್ನು ಎಲ್ಲಕ್ಕಿಂತ ಕೊನೆಗೆ ಇಳಿಸಬೇಕು. ಪ್ಲೈವುಡ್ ಹೊರುವವರು "ತಡಿ, ಕಾಲು ಸಿಕ್ಕಿತು" ಎಂದು ಹೇಳುವುದೂ ಆ ಬೆಳಕಿನಲ್ಲೇ. ಗಾಡಿ ಹೊರಟ ಮೇಲೆ ಹಿಂದಿನ ಸೀಟಿನ ದೀಪ ಆರಿಸಬೇಡಿ ಎಂದು ತಂಡದವರು ಕೇಳುತ್ತಾರೆ, ಗಾಜಿಗೆ ಹೊಡೆಯುತ್ತದೆ ಆರಿಸಿ ಎಂದು ಡ್ರೈವರ್ ಕೂಗುತ್ತಾರೆ. ಡ್ರೈವರ್ ಸೀಟಿನ ಹಿಂದೆ ಒಂದು ಕಪ್ಪು ಬಟ್ಟೆ ಕಟ್ಟಿಕೊಳ್ಳಿ.